ಟೈಪ್ 1 ಶುಗರ್ ಇರುವ ಹರೆಯದ ಮಕ್ಕಳು, ಅವರ ಸ್ವಭಾವ, ಅವರ ಆರೈಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಮನೆಗಳಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವು. ಕೆಲವು ಫೋನಿನಲ್ಲಿ ಬಂದವು, ಕೆಲವು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕೇಳಿದವು, ಕೆಲವನ್ನು ಮಕ್ಕಳೇ ಅಪ್ಪ ಅವ್ವನಿಗೆ ಗೊತ್ತಾಗದ ಹಾಗೆ ಬರೆದು ಕಳಿಸಿದ್ದಾರೆ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಇನ್ಸುಲಿನ್ ಎಷ್ಟು ಯೂನಿಟ್ ಅನ್ನುವುದನ್ನು ಮಾತ್ರ ನಿಮ್ಮ ಡಾಕ್ಟರನ್ನೇ ಕೇಳಿ, ಅದನ್ನು ಇಲ್ಲಿ ಹೇಳುವುದಿಲ್ಲ.

## ಮೊದಮೊದಲ ಪ್ರಶ್ನೆಗಳು

ಇದು ಹೆಂಗ ಬಂತ್ರೀ? ಸಣ್ಣವನಿದ್ದಾಗಿಂದ ಸಿಹಿ ಭಾಳ ತಿಂತಿದ್ದ, ಅದಕ್ಕ ಬಂತೇನು?

ಇಲ್ಲ. ಸಿಹಿ ತಿಂದದ್ದಕ್ಕೆ ಟೈಪ್ 1 ಬರುವುದಿಲ್ಲ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳಿರುತ್ತವೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ ಅವುಗಳನ್ನು ಹಾಳು ಮಾಡುತ್ತದೆ. ಇದರಲ್ಲಿ ಮಗುವಿನ ಆಸೆಬುರುಕತನದ ಪಾತ್ರ ಇಲ್ಲ, ಅವ್ವನ ಅಡುಗೆಯ ಪಾತ್ರವೂ ಇಲ್ಲ. ಅಜ್ಜನಿಗಿರುವ, ಗುಳಿಗೆಯಲ್ಲಿ ನಡೆಯುವ ಸಕ್ಕರೆ ಕಾಯಿಲೆ ಸಾಮಾನ್ಯವಾಗಿ ಟೈಪ್ 2. ಅದೇ ಬೇರೆ, ಇದೇ ಬೇರೆ. ಟೈಪ್ 1ರಲ್ಲಿ ಇನ್ಸುಲಿನ್ ಬಿಟ್ಟರೆ ಒಂದೆರಡು ದಿನದಲ್ಲೇ ಕೀಟೋನ್ (ಕೊಬ್ಬು ಕರಗುವಾಗ ಹುಟ್ಟುವ ಆಮ್ಲ) ರಕ್ತದಲ್ಲಿ ಏರಿ ಜೀವಕ್ಕೆ ಅಪಾಯ ಬರಬಹುದು. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ 14 ವರ್ಷದ ಒಬ್ಬ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟರು. ಅದಕ್ಕೂ ಮುಂಚೆ ಇಂಥ ಮಕ್ಕಳು ಬಹಳ ದಿನ ಉಳಿಯುತ್ತಿರಲಿಲ್ಲ. ಹಾಗಾಗಿ ಯಾರಾದರೂ ಬೇರು, ಕಷಾಯ ಕೊಟ್ಟು ‘ಸೂಜಿ ಬಿಡ್ರಿ’ ಅಂದರೆ ದಯವಿಟ್ಟು ಕೇಳಬೇಡಿ.

ಸ್ವಭಾವಕ್ಕೂ ಶುಗರಿಗೂ ಏನ್ರೀ ಸಂಬಂಧ? ಹೊತ್ತಿಗೆ ಸರಿಯಾಗಿ ಇನ್ಸುಲಿನ್ ಕೊಟ್ರ ಆತಲ್ಲ?

ಆ ‘ಹೊತ್ತಿಗೆ ಸರಿಯಾಗಿ’ ಅನ್ನುವುದರಲ್ಲೇ ಎಲ್ಲ ಇದೆ. ಬೆಳಗ್ಗೆ ಎದ್ದು ಬೆರಳು ಚುಚ್ಚಿ ನೋಡಬೇಕು. ರೊಟ್ಟಿ ಎಷ್ಟು, ಅನ್ನ ಎಷ್ಟು ಅಂತ ಅಂದಾಜು ಮಾಡಬೇಕು. ಊಟಕ್ಕೆ ಮುಂಚೆ ಇನ್ಸುಲಿನ್ ತಗೋಬೇಕು. ಆಟ ಇದ್ದರೆ ಬೇರೆ ಲೆಕ್ಕ, ಜ್ವರ ಬಂದರೆ ಇನ್ನೊಂದು ಲೆಕ್ಕ, ರಾತ್ರಿ ಮಲಗುವಾಗ ಮತ್ತೆ ನೋಡಬೇಕು. ಇದಕ್ಕೆ ರಜೆ ಅನ್ನುವುದೇ ಇಲ್ಲ. ಡಾಕ್ಟರು ಮೂರು ತಿಂಗಳಿಗೊಮ್ಮೆ ಸಿಗುತ್ತಾರೆ, ಉಳಿದ ದಿನಗಳನ್ನು ನಡೆಸುವವರು ಆ ಹುಡುಗ ಅಥವಾ ಹುಡುಗಿ. ಅಷ್ಟೆಲ್ಲ ಸಣ್ಣ ಸಣ್ಣ ನಿರ್ಧಾರಗಳಲ್ಲಿ ಮನುಷ್ಯನ ಸ್ವಭಾವ ಕಾಣಿಸಿಕೊಳ್ಳದೆ ಇರುತ್ತದಾ?

ಮನಶ್ಶಾಸ್ತ್ರದವರು ಸ್ವಭಾವವನ್ನು ಸಾಮಾನ್ಯವಾಗಿ ಐದು ಗುಣಗಳಲ್ಲಿ ಅಳೆಯುತ್ತಾರೆ: ಶಿಸ್ತು, ಆತಂಕ, ಜನರ ಜೊತೆ ಬೆರೆಯುವುದು, ಹೊಂದಿಕೊಂಡು ಹೋಗುವುದು, ಹೊಸದಕ್ಕೆ ತೆರೆದುಕೊಳ್ಳುವುದು. ಶಿಸ್ತಿನ ಗುಣ ಜಾಸ್ತಿ ಇರುವ ಯುವಕರು ಹೆಚ್ಚು ಸಲ ಶುಗರ್ ನೋಡಿಕೊಳ್ಳುತ್ತಾರೆ, ಅವರ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಶುಗರಿನ ಸರಾಸರಿ ತೋರಿಸುವ ರಕ್ತಪರೀಕ್ಷೆ) ಸ್ವಲ್ಪ ಚೆನ್ನಾಗಿರುತ್ತದೆ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ಆತಂಕದ ಗುಣದ ವಿಷಯದಲ್ಲಿ ಫಲಿತಾಂಶಗಳು ಒಂದೇ ಥರ ಇಲ್ಲ. ಯಾವ ಗುಣವೂ ಒಂದೇ ಎಲ್ಲವನ್ನೂ ತೀರ್ಮಾನ ಮಾಡುವಷ್ಟು ದೊಡ್ಡದಲ್ಲ. ಮನೆಯ ವಾತಾವರಣ, ದುಡ್ಡು, ಶುಗರ್ ನೋಡುವ ಸ್ಟ್ರಿಪ್ ಸಿಗುತ್ತದೋ ಇಲ್ಲವೋ, ಇವೂ ಅಷ್ಟೇ ಮುಖ್ಯ.

ನನ್ನ ಮಗಳು ಮೊದಲು ಶಾಂತವಾಗಿದ್ದಳು. ಈಗ ಮಾತಿಗೆ ಮುಂಚೆ ಸಿಟ್ಟು. ಅವಳ ಸ್ವಭಾವಾನೇ ಬದಲಾಯ್ತಾ?

ಮೊದಲು ಶುಗರ್ ನೋಡಿ, ಆಮೇಲೆ ಮಾತು. ಡೆಸಿಲೀಟರ್ ರಕ್ತಕ್ಕೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಸಿಟ್ಟು, ಅಳು, ಗಲಿಬಿಲಿ, ಕೈ ನಡುಕ, ಬೆವರು ಬರುತ್ತವೆ, ಮಿದುಳಿಗೆ ಗ್ಲೂಕೋಸ್ ಸಾಲದೆ ಹಾಗಾಗುತ್ತದೆ. ಬಹಳ ಏರಿದರೂ ಕಿರಿಕಿರಿ, ಮಂಕು. ಇವು ಸ್ವಭಾವ ಅಲ್ಲ. ಇಳಿದಿದ್ದರೆ ಬೈಯುತ್ತ ನಿಲ್ಲಬೇಡಿ. 15 ಗ್ರಾಂ ಗ್ಲೂಕೋಸ್ ಅಥವಾ ಸುಮಾರು ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕೊಡಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಇನ್ನೂ ಏರಿಲ್ಲ ಅಂದರೆ ಮತ್ತೊಮ್ಮೆ ಅಷ್ಟೇ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಮ್ಮ ಕಡೆ ಅಂಗಿ ಜೇಬಿನಲ್ಲಿ ಕರದಂಟು ಇಟ್ಟು ಕಳಿಸುವವರಿದ್ದಾರೆ. ಅಮೀನಗಡದ್ದಾಗಲಿ ಗೋಕಾಕದ್ದಾಗಲಿ, ಅದರಲ್ಲಿ ತುಪ್ಪ, ಒಣಹಣ್ಣು, ಬೀಜ ಇರುವುದರಿಂದ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ. ಇಳಿದಾಗ ಗ್ಲೂಕೋಸ್ ಪುಡಿಯೇ ಬೇಕು.

## ಒಬ್ಬೊಬ್ಬರದು ಒಂದೊಂದು ಸ್ವಭಾವ

ಎಷ್ಟು ಹೇಳಿದ್ರೂ ಮರೀತಾನ್ರೀ. ಜವಾಬ್ದಾರಿ ಅನ್ನೂದ ಇಲ್ಲ. ಹೊಡದ್ ಹೇಳ್ಬೇಕೇನು?

ಹೊಡೆದರೆ ಮರೆವು ಹೋಗುವುದಿಲ್ಲ, ಮುಚ್ಚಿಡುವುದು ಶುರುವಾಗುತ್ತದೆ. ಮರೆಯುವ ಹುಡುಗನಿಗೆ ಉಪದೇಶಕ್ಕಿಂತ ಜಾಗ ಮತ್ತು ಹೊತ್ತು ಗೊತ್ತು ಮಾಡಿಕೊಡುವುದು ಕೆಲಸಕ್ಕೆ ಬರುತ್ತದೆ. ದಿನಕ್ಕೊಮ್ಮೆ ತಗೊಳ್ಳುವ ಇನ್ಸುಲಿನ್ನನ್ನು ಅವನು ಹೇಗಿದ್ದರೂ ತಪ್ಪದೆ ಮಾಡುವ ಒಂದು ಕೆಲಸಕ್ಕೆ ಗಂಟು ಹಾಕಿ: ಬೆಳಗಿನ ಚಹಾ, ರಾತ್ರಿ ಮೊಬೈಲ್ ಚಾರ್ಜಿಗೆ ಹಾಕುವುದು, ಯಾವುದಾದರೂ ಒಂದು. ‘ಚಹಾ ಕಪ್ಪು ಕೈಗೆ ಬಂದ ಕೂಡಲೇ ಇನ್ಸುಲಿನ್ ಪೆನ್ನು’ ಅಂತ ಅವನ ಬಾಯಿಂದಲೇ ಹೇಳಿಸಿ. ‘ಇನ್ನು ಮೇಲೆ ಸರಿಯಾಗಿ ಇರ್ತೀನಿ’ ಅನ್ನುವ ದೊಡ್ಡ ಮಾತಿಗಿಂತ ಇಂಥ ಒಂದು ಸಣ್ಣ ಕಟ್ಟಳೆ ಜಾಸ್ತಿ ದಿನ ನಿಲ್ಲುತ್ತದೆ. ಮೀಟರು, ಸ್ಟ್ರಿಪ್, ಪೆನ್ನು, ಗ್ಲೂಕೋಸ್ ಎಲ್ಲ ಒಂದೇ ಚೀಲದಲ್ಲಿರಲಿ, ಆ ಚೀಲ ಶಾಲೆಯ ಬ್ಯಾಗಿನ ಒಂದೇ ಖಾನೆಯಲ್ಲಿರಲಿ.

ಪೆನ್ನಿನ ಬದಲು ಬಾಟಲಿ, ಸಿರಿಂಜ್ ಬಳಸುವ ಮನೆಗಳು ಒಂದು ವಿಷಯ ಗಟ್ಟಿಯಾಗಿ ನೆನಪಿಡಬೇಕು. ನಮ್ಮಲ್ಲಿ ಸಿಗುವ, ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವ ಬಾಟಲಿಗೆ ಕೆಂಪು ಮುಚ್ಚಳದ 40ರ ಸಿರಿಂಜೇ ಆಗಬೇಕು. ಕಿತ್ತಳೆ ಮುಚ್ಚಳದ 100ರ ಸಿರಿಂಜ್ ಬಳಸಿದರೆ ಡೋಸಿನ ಲೆಕ್ಕವೇ ಪೂರ್ತಿ ತಪ್ಪಾಗುತ್ತದೆ. ಮರೆಗುಳಿ ಇರುವ ಮನೆಯಲ್ಲಿ ಎರಡೂ ಬಗೆಯ ಸಿರಿಂಜ್ ಇಡಲೇಬೇಡಿ.

ಡೋಸ್ ತಪ್ಪಿದರೆ ಏನು ಮಾಡಬೇಕು ಅಂತ ಡಾಕ್ಟರ ಹತ್ತಿರ ಮೊದಲೇ ಬರೆಸಿಕೊಂಡು ಬನ್ನಿ. ಮರೆತವನು ಹೆದರಿ ಎರಡು ಡೋಸ್ ಒಟ್ಟಿಗೆ ಹಾಕಿಕೊಳ್ಳುವುದು ಮರೆಯುವುದಕ್ಕಿಂತ ಅಪಾಯ.

ನಾನು ಎಲ್ಲಾ ಸರಿಯಾಗಿ ಮಾಡ್ತೀನಿ. ಒಂದು ದಿನಾನೂ ತಪ್ಪಿಸಿಲ್ಲ. ಆದ್ರೂ ಎಚ್‌ಬಿಎ1ಸಿ ಜಾಸ್ತಿ ಬಂತು. ನಾನೇನು ತಪ್ಪು ಮಾಡಿದೆ?

ಈ ಪ್ರಶ್ನೆ ಬರೆದವಳು ಪಿಯುಸಿ ಓದುವ ಹುಡುಗಿ. ತಂಗಿ, ನಿನ್ನ ತಪ್ಪಿಲ್ಲದೆಯೂ ಹೀಗಾಗುತ್ತದೆ. ಹರೆಯದಲ್ಲಿ ಬೆಳವಣಿಗೆಯ ಹಾರ್ಮೋನುಗಳು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ. ಮುಟ್ಟಿನ ಮುಂಚಿನ ದಿನಗಳಲ್ಲಿ ಕೆಲವರಿಗೆ ಇನ್ನೂ ಏರುತ್ತದೆ. 1993ರಲ್ಲಿ ಫಲಿತಾಂಶ ಬಂದ ಅಮೆರಿಕ, ಕೆನಡಾದ ದೊಡ್ಡ ಅಧ್ಯಯನದಲ್ಲಿ 13ರಿಂದ 17 ವರ್ಷದವರೂ ಇದ್ದರು. ದೊಡ್ಡವರಿಗೆ ಕೊಟ್ಟ ಬಿಗಿಯಾದ ಚಿಕಿತ್ಸೆಯನ್ನೇ ಇವರಿಗೂ ಕೊಟ್ಟಿದ್ದರು, ಆದರೂ ಇವರ ಎಚ್‌ಬಿಎ1ಸಿ ದೊಡ್ಡವರಿಗಿಂತ ಸುಮಾರು ಒಂದು ಅಂಶ ಜಾಸ್ತಿಯೇ ಇತ್ತು. ಅಷ್ಟು ಕಷ್ಟದ ವಯಸ್ಸು ಇದು. ಅದೇ ಅಧ್ಯಯನದಲ್ಲಿ ಇನ್ನೊಂದೂ ಗೊತ್ತಾಯಿತು. ಹತೋಟಿ ಚೆನ್ನಾಗಿದ್ದವರಲ್ಲಿ ಕಣ್ಣು, ಕಿಡ್ನಿ, ನರಗಳ ತೊಂದರೆ ಬಹಳ ಕಡಿಮೆ ಆಯಿತು. ಹಾಗಾಗಿ ನೀನು ಪಡುವ ಕಷ್ಟ ಸುಮ್ನೆ ಹೋಗುವುದಿಲ್ಲ.

ಶಿಸ್ತಿನ ಮಕ್ಕಳಲ್ಲಿ ನಾನು ಕೇಳುವ ಒಂದು ಪ್ರಶ್ನೆ ಇದೆ: ಸೂಜಿ ಎಲ್ಲಿ ಚುಚ್ಚುತ್ತೀಯ? ರೂಢಿ ಬಿಡದವರು ದಿನಾ ಅದೇ ಜಾಗಕ್ಕೆ ಚುಚ್ಚುತ್ತಾರೆ, ಅಲ್ಲಿ ನೋವು ಕಡಿಮೆ. ಆದರೆ ಅಲ್ಲಿ ಕೊಬ್ಬಿನ ಗಂಟು ಕಟ್ಟಿಕೊಂಡು ಇನ್ಸುಲಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಹೊಟ್ಟೆ, ತೊಡೆಯನ್ನು ಕೈಯಿಂದ ಸವರಿ ನೋಡು. ಮೆತ್ತಗಿನ ಉಬ್ಬು ಅಥವಾ ಗಂಟು ಸಿಕ್ಕರೆ ಡಾಕ್ಟರಿಗೆ ತೋರಿಸು, ಜಾಗ ಬದಲಾಯಿಸು. ಜಾಗ ಬದಲಾಯಿಸಿದ ಮೇಲೆ ಅದೇ ಡೋಸಿಗೆ ಶುಗರ್ ಇಳಿಯಬಹುದು, ಆ ದಿನಗಳಲ್ಲಿ ಹೆಚ್ಚು ಸಲ ಚೆಕ್ ಮಾಡು.

ಎಚ್‌ಬಿಎ1ಸಿ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ, ಬಹಳ ಮಕ್ಕಳಿಗೆ 7ರ ಒಳಗಿರಲಿ ಅನ್ನುವುದು ಗುರಿ. ಅದು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ಹಾಗೆ ಗೋಡೆಗೆ ಅಂಟಿಸುವಂಥದ್ದಲ್ಲ.

ರಾತ್ರಿ ಶುಗರ್ ಬಿದ್ದು ಸತ್ತೋಗ್ತೀನಿ ಅಂತ ಹೆದರ್ತಾನೆ. ಬೇಕಂತಲೇ ಇನ್ಸುಲಿನ್ ಕಡಿಮೆ ಹಾಕ್ಕೋತಾನೆ. ಏನ್ ಮಾಡೋದು?

ಒಮ್ಮೆ ಜೋರಾಗಿ ಶುಗರ್ ಇಳಿದು ಕಂಗಾಲಾದವರಿಗೆ ಈ ಹೆದರಿಕೆ ಬರುವುದು ಸಹಜ. ಮೊದಲೇ ಆತಂಕದ ಸ್ವಭಾವ ಇದ್ದರೆ ಅದು ಅಲ್ಲೇ ಕೂತುಬಿಡುತ್ತದೆ. 250, 300ರಲ್ಲಿ ಮಲಗಿದರೆ ಅವನಿಗೆ ನೆಮ್ಮದಿ. ‘ಹೆದರಬೇಡ’ ಅಂದರೆ ಹೆದರಿಕೆ ಹೋಗುವುದಿಲ್ಲ. ಅವನ ಕೈಗೆ ಉಪಾಯ ಕೊಡಿ. ಮಲಗುವ ಮುಂಚೆ ನೋಡಬೇಕಾದ ಅಂಕಿ ಯಾವುದು, ಎಷ್ಟಕ್ಕಿಂತ ಕಡಿಮೆ ಇದ್ದರೆ ಏನು ತಿನ್ನಬೇಕು ಅಂತ ಡಾಕ್ಟರಿಂದ ಬರೆಸಿ ಹಾಸಿಗೆ ಹತ್ತಿರ ಇಡಿ. ಗ್ಲೂಕೋಸ್ ಡಬ್ಬಿ ದಿಂಬಿನ ಪಕ್ಕದಲ್ಲಿರಲಿ. ಕೆಲವು ದಿನ ನಡುರಾತ್ರಿ ಅಪ್ಪನೋ ಅವ್ವನೋ ಎದ್ದು ಚೆಕ್ ಮಾಡಿ, ಬೆಳಗ್ಗೆ ಅಂಕಿ ತೋರಿಸಿ. ಕಡಿಮೆ ಹಾಕಿಕೊಳ್ಳುತ್ತಿರುವುದನ್ನು ಡಾಕ್ಟರಿಗೂ ಹೇಳಿ, ಆಮೇಲೆ ಅವರು ಹೇಳಿದಂತೆ ಸ್ವಲ್ಪ ಸ್ವಲ್ಪವಾಗಿ ಸರಿಯಾದ ಡೋಸಿಗೆ ಬನ್ನಿ. ಆತಂಕದ ಮಕ್ಕಳಲ್ಲಿ ಒಂದು ಒಳ್ಳೆಯದೂ ಇದೆ. ಅವರು ಯಾವಾಗಲೂ ಎಚ್ಚರಿಕೆಯಿಂದ ಇರುತ್ತಾರೆ, ಸಣ್ಣ ಬದಲಾವಣೆಯೂ ಅವರಿಗೆ ಬೇಗ ಗೊತ್ತಾಗುತ್ತದೆ.

ಭಾಳ ಸಂಕೋಚದ ಹುಡುಗಿ. ಬೆಳಗಾವಿಯೊಳಗ ಹಾಸ್ಟೆಲಿಗೆ ಹಾಕೇವಿ. ಅಲ್ಲಿ ಯಾರಿಗೂ ಹೇಳಿಲ್ಲಂತ.

ಇದು ನನಗೆ ಕಳವಳ ತರುವ ಪ್ರಶ್ನೆ. ಎಲ್ಲರಿಗೂ ಹೇಳುವುದು ಬೇಕಿಲ್ಲ, ಸಂಕೋಚದವಳನ್ನು ಹತ್ತು ಜನರ ಮುಂದೆ ನಿಲ್ಲಿಸಬೇಡಿ. ಆದರೆ ಇಬ್ಬರಿಗಾದರೂ ಗೊತ್ತಿರಲೇಬೇಕು: ಪಕ್ಕದ ಮಂಚದ ಗೆಳತಿ ಮತ್ತು ವಾರ್ಡನ್. ಅವಳಿಗೆ ಬಾಯಿಬಿಡಲು ಆಗದಿದ್ದರೆ ಒಂದು ಚೀಟಿಯಲ್ಲಿ ಬರೆದು ಕೊಡಲಿ, ‘ನಾನು ಬೆವರಿ ಗಲಿಬಿಲಿ ಆದರೆ ಗ್ಲೂಕೋಸ್ ಕೊಡಿ, ಎಚ್ಚರ ತಪ್ಪಿದರೆ ಆಸ್ಪತ್ರೆಗೆ ಒಯ್ಯಿರಿ’ ಅಂತ. ಬಚ್ಚಲಮನೆಯಲ್ಲಿ ಕದ್ದು ಸೂಜಿ ಹಾಕಿಕೊಳ್ಳುವ ಹುಡುಗಿಯರು ಬಹಳ ಇದ್ದಾರೆ. ಗೆಳತಿಯರ ಜೊತೆ ಊಟಕ್ಕೆ ಕೂತಾಗ ಎದ್ದು ಹೋಗಲಾಗದೆ ಆ ಹೊತ್ತಿನ ಡೋಸನ್ನೇ ಬಿಡುತ್ತಾರೆ.

ಇನ್ಸುಲಿನ್ ಇಡುವುದನ್ನೂ ಮೊದಲೇ ಗೊತ್ತು ಮಾಡಿ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಫ್ರಿಜ್ಜಿನಲ್ಲಿರಬೇಕು, ಫ್ರೀಜರಿನಲ್ಲಿ ಬೇಡ. ಬಳಸುತ್ತಿರುವುದು 30 ಡಿಗ್ರಿಯೊಳಗೆ ಸಾಮಾನ್ಯವಾಗಿ ನಾಲ್ಕು ವಾರ ಇರುತ್ತದೆ. ಬೆಳಗಾವಿಯಲ್ಲಿ ಹೇಗೋ ನಡೆಯುತ್ತದೆ. ವಿಜಯಪುರದ ಬೇಸಿಗೆ 40 ದಾಟುತ್ತದೆ, ಅಲ್ಲಿ ಫ್ರಿಜ್ ಇಲ್ಲದಿದ್ದರೆ ಮಣ್ಣಿನ ಮಡಕೆಯ ಉಪಾಯ ಮಾಡಬೇಕು: ದೊಡ್ಡ ಮಡಕೆಯಲ್ಲಿ ಒದ್ದೆ ಉಸುಕು, ಅದರೊಳಗೆ ಸಣ್ಣ ಮಡಕೆ, ಅದರಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇನ್ಸುಲಿನ್.

ನಾನು ಮನೇಲಿ ಕೂರೋನಲ್ಲ. ಕಬಡ್ಡಿ, ಗೆಳೆಯರು, ರಾಜ್ಯೋತ್ಸವ ಎಲ್ಲಾ ಬೇಕು. ಬಿಡ್ಬೇಕಾ?

ಬಿಡಬೇಡ. ಪಾಕಿಸ್ತಾನದ ಕ್ರಿಕೆಟಿಗ ವಾಸಿಂ ಅಕ್ರಂಗೆ 1997ರಲ್ಲಿ ಟೈಪ್ 1 ಅಂತ ಗೊತ್ತಾಯಿತು, ಆಮೇಲೂ 2003ರವರೆಗೆ ವೇಗದ ಬೌಲಿಂಗ್ ಮಾಡಿದರು. ಜನರ ಜೊತೆ ಬೆರೆಯುವವನಿಗೆ ಒಂದು ಲಾಭವೂ ಇದೆ, ಇಳಿದಾಗ ಎತ್ತಿ ಹಿಡಿಯುವವರು ಸುತ್ತ ಇರುತ್ತಾರೆ. ಅವರಿಗೆ ಮೊದಲೇ ಹೇಳಿಕೊಟ್ಟಿರಬೇಕು ಅಷ್ಟೇ. ನಿನ್ನಂಥವರ ಕಷ್ಟ ಬೇರೆ. ಗುಂಪಿನಲ್ಲಿದ್ದಾಗ ಹೊತ್ತು ಮರೆಯುತ್ತದೆ, ‘ಆಮೇಲೆ ನೋಡೋಣ’ ಅಂತ ಅನ್ನಿಸುತ್ತದೆ. ನವೆಂಬರ್ 1ರಂದು ಬೆಳಗಾವಿಯ ಮೆರವಣಿಗೆಯಲ್ಲಿ ಗಂಟೆಗಟ್ಟಲೆ ಕುಣಿದರೆ ಅದು ಒಂದು ಜೋರು ವ್ಯಾಯಾಮವೇ. ಅಂಥ ದಿನ ಶುಗರ್ ಇಳಿಯುವುದು ಕುಣಿಯುವಾಗ ಮಾತ್ರ ಅಲ್ಲ, ಮನೆಗೆ ಬಂದು ಮಲಗಿದ ಮೇಲೂ ಇಳಿಯಬಹುದು, ಯಾಕೆಂದರೆ ಸ್ನಾಯುಗಳು ಖರ್ಚಾದ ಗ್ಲೂಕೋಸನ್ನು ಮತ್ತೆ ತುಂಬಿಕೊಳ್ಳುತ್ತಿರುತ್ತವೆ. ಕುಡಿತ ಸೇರಿದರೆ ಇನ್ನೂ ಅಪಾಯ. ಲಿವರ್ ಗ್ಲೂಕೋಸ್ ಬಿಡುವುದನ್ನು ಮದ್ಯ ತಡೆಯುತ್ತದೆ, ಬಿದ್ದವನನ್ನು ಜನ ‘ಕುಡಿದಿದ್ದಾನೆ’ ಅಂತ ಬಿಟ್ಟು ಹೋಗುತ್ತಾರೆ.

ಹೇಳಿದ್ದೆಲ್ಲಾ ಕೇಳೋ ಹುಡುಗ್ರೀ. ಡೈರಿ ಅಷ್ಟು ಚೆಂದ ಬರೀತಾನ. ಆದ್ರ ಡಾಕ್ಟರು ನಂಬಲಿಲ್ಲ. ಯಾಕ?

ಡೈರಿಯಲ್ಲಿ 110, 120, 130 ಅಂತ ಇದ್ದು ಎಚ್‌ಬಿಎ1ಸಿ 10 ಬಂದರೆ ಎರಡೂ ಒಟ್ಟಿಗೆ ನಿಜ ಆಗುವುದು ಬಹಳ ಅಪರೂಪ. ಮೀಟರಿನ ಮೆಮೊರಿಯಲ್ಲಿ ಹಳೆಯ ಅಂಕಿಗಳಿರುತ್ತವೆ, ಡಾಕ್ಟರು ಅದನ್ನು ನೋಡಿರಬೇಕು. ಇಂಥ ಸುಳ್ಳು ಬರೆಯುವವರು ಕೆಟ್ಟ ಮಕ್ಕಳು ಅಂತ ತಿಳಿಯಬೇಡಿ. ಹೆಚ್ಚಾಗಿ ಇವರು ಮೆದು ಸ್ವಭಾವದವರು, ಯಾರ ಮನಸ್ಸನ್ನೂ ನೋಯಿಸಲಾರದವರು. 280 ಅಂತ ಬರೆದ ದಿನ ಅವ್ವನ ಮುಖ ಬಾಡಿತು, ಅಪ್ಪ ಊಟ ಬಿಟ್ಟು ಎದ್ದ, ಮನೆಯಲ್ಲಿ ಮಾತು ನಿಂತಿತು. ಮರುದಿನ 130 ಬರೆದ, ಎಲ್ಲರೂ ನಕ್ಕರು. ಆ ಹುಡುಗ ಕಲಿತದ್ದು ಏನು? ಹಟಮಾರಿ ಮಗ ಎದುರು ಮಾತಾಡಿ ಹೊರಗೆ ಹಾಕುವುದನ್ನು ಈ ಹುಡುಗ ಒಳಗೇ ಇಟ್ಟುಕೊಂಡಿರುತ್ತಾನೆ. ಅದಕ್ಕೇ ನನಗೆ ಜಗಳ ಆಡುವ ಮಕ್ಕಳಿಗಿಂತ ಈ ವಿಧೇಯ ಮಕ್ಕಳ ಚಿಂತೆ ಜಾಸ್ತಿ.

ಮಾಡಬೇಕಾದದ್ದು ಇಷ್ಟು. ‘ಶುಗರ್ ಒಳ್ಳೇದಿದೆ, ಕೆಟ್ಟದಿದೆ’ ಅನ್ನುವುದನ್ನು ಬಿಡಿ. ‘ಎಷ್ಟಿದೆ’ ಅಂತ ಕೇಳಿ. 300 ಇದ್ದರೂ ಮೊದಲು ‘ನೋಡಿದ್ದು ಒಳ್ಳೇದಾಯ್ತು’ ಅನ್ನಿ, ಆಮೇಲೆ ‘ಈಗ ಏನು ಮಾಡೋಣ’ ಅನ್ನಿ. ಮುಖದಲ್ಲಿ ಸಿಟ್ಟು ಇಟ್ಟುಕೊಂಡು ಬಾಯಲ್ಲಿ ಹೀಗೆ ಅಂದರೆ ಮಕ್ಕಳಿಗೆ ಗೊತ್ತಾಗುತ್ತದೆ. ಹಳೆಯ ಡೈರಿ ಹಿಡಿದು ವಿಚಾರಣೆ ಮಾಡಬೇಡಿ. ‘ಇವತ್ತಿನಿಂದ ನಿಜ ಬರಿ, ಯಾರೂ ಬೈಯಲ್ಲ’ ಅಂತ ಹೇಳಿ, ಹಾಗೇ ನಡೆದುಕೊಳ್ಳಿ.

## ಮನೆ, ಹಬ್ಬ, ಶಾಲೆ

ಹೋಳಿಗೆ ಮಾಡಿದ ದಿನ ಅವನ್ನ ಹೊರಗ ಕಳಿಸ್ಬೇಕೇನು? ನೋಡಿ ಆಸೆ ಪಡ್ತಾನ.

ಹೊರಗೆ ಕಳಿಸಿದರೆ ಕದ್ದು ತಿನ್ನುತ್ತಾನೆ, ಕದ್ದು ತಿಂದದ್ದಕ್ಕೆ ಇನ್ಸುಲಿನ್ ಹಾಕಿಕೊಳ್ಳುವುದಿಲ್ಲ. ಎಳ್ಳಮವಾಸಿಗೆ ಹೊಲದಲ್ಲಿ ಎಲ್ಲರ ಜೊತೆ ಕೂಡಿಸಿ, ಒಂದು ಹೋಳಿಗೆ ಬಡಿಸಿ, ಅದರಲ್ಲಿರುವ ಕಾರ್ಬೋಹೈಡ್ರೇಟಿಗೆ ತಕ್ಕ ಇನ್ಸುಲಿನ್ ಲೆಕ್ಕ ಮಾಡುವುದನ್ನು ಡಾಕ್ಟರಿಂದ ಕಲಿಯಿರಿ. ಹೊಸ ರುಚಿ ಬಿಡಲಾರದ ಹುಡುಗನಿಗೆ ಸಿದ್ಧೇಶ್ವರ ಜಾತ್ರೆಯಲ್ಲಿ ಪೂರ್ತಿ ನಿಷೇಧ ಹಾಕಿ ಗೆದ್ದವರನ್ನು ನಾನು ಕಂಡಿಲ್ಲ. ಬೆಳಗ್ಗೆ ಸಂಜೆ ಎರಡೇ ಸಲ ಮಿಕ್ಸ್ ಇನ್ಸುಲಿನ್ (ಬೇಗ ಮತ್ತು ನಿಧಾನ ಕೆಲಸ ಮಾಡುವ ಎರಡೂ ಕೂಡಿದ್ದು) ತಗೊಳ್ಳುವವರಿಗೆ ಊಟದ ಹೊತ್ತು ಏರುಪೇರಾಗುವ ಸ್ವಾತಂತ್ರ್ಯ ಕಡಿಮೆ. ಮಗನ ಸ್ವಭಾವಕ್ಕೆ ಅದು ಹೊಂದುತ್ತಿಲ್ಲ ಅಂದರೆ ಊಟಕ್ಕೊಂದು ಡೋಸಿನ ಪದ್ಧತಿ ಆಗುತ್ತದಾ ಅಂತ ಕೇಳಿ. ಉಪವಾಸ, ರೋಜಾ ಟೈಪ್ 1 ಇದ್ದವರಿಗೆ ಅಪಾಯದವು. ಎಷ್ಟೇ ಭಕ್ತಿಯ ಸ್ವಭಾವ ಇದ್ದರೂ ಡಾಕ್ಟರನ್ನು ಕೇಳದೆ ಹಿಡಿಯುವುದು ಬೇಡ.

ಹದಿನೈದು ತುಂಬಿತು. ಇನ್ನು ಎಲ್ಲಾ ಅವಳ ಕೈಗೆ ಬಿಡಬಹುದಾ?

ವಯಸ್ಸು ನೋಡಿ ಬಿಡಬೇಡಿ, ಅವಳನ್ನು ನೋಡಿ ಬಿಡಿ. ಜವಾಬ್ದಾರಿಯನ್ನು ಬೇಗ ಪೂರ್ತಿ ಕೈಬಿಟ್ಟ ಮನೆಗಳಲ್ಲಿ ಹತೋಟಿ ಕೆಡುತ್ತದೆ, ದಿನಾ ಜಗಳ ಇರುವ ಮನೆಗಳಲ್ಲೂ ಕೆಡುತ್ತದೆ. ಇದು ಅನೇಕ ಅಧ್ಯಯನಗಳಲ್ಲಿ ಕಂಡದ್ದು. ಸೂಜಿ ಅವಳು ಹಾಕಿಕೊಳ್ಳಲಿ, ರಾತ್ರಿಯ ಅಂಕಿ ಇಬ್ಬರೂ ಕೂಡಿ ನೋಡಿ. ಸ್ಟ್ರಿಪ್ ಮುಗಿಯುವ ಮುಂಚೆ ತರುವುದು ಅಪ್ಪನ ಕೆಲಸವಾಗಿರಲಿ. ಶಾಲೆಯಲ್ಲಿ ಹೆಡ್‌ಮಾಸ್ಟರ ಹತ್ತಿರ ಪರೀಕ್ಷೆಗೆ ಬಹಳ ಮುಂಚೆಯೇ ಮಾತಾಡಿ. ಸಿಬಿಎಸ್‌ಇ ಬೋರ್ಡ್ 2017ರಿಂದ ಟೈಪ್ 1 ಇರುವ ಮಕ್ಕಳಿಗೆ ಪರೀಕ್ಷಾ ಕೊಠಡಿಗೆ ಗ್ಲೂಕೋಸ್ ಗುಳಿಗೆ, ಹಣ್ಣು, ನೀರು ಒಯ್ಯಲು ಅವಕಾಶ ಕೊಟ್ಟಿದೆ. ಬೇರೆ ಬೋರ್ಡಿನವರು ಇದನ್ನು ತೋರಿಸಿ ಕೇಳಬಹುದು.

## ಇನ್ನೂ ಆಳದ ಪ್ರಶ್ನೆಗಳು

ಹುಟ್ಟುಗುಣ ಸುಟ್ಟರೂ ಹೋಗದು ಅಂತಾರ. ಹಂಗಾರ ನಮ್ಮ ಹುಡುಗ ಹಿಂಗ ಇರ್ತಾನೇನು?

ಈ ವಿಷಯದಲ್ಲಿ ಗಾದೆ ಅರ್ಧ ಮಾತ್ರ ಸರಿ. ಸ್ವಭಾವದ ಒಂದು ಭಾಗ ಹುಟ್ಟಿನಿಂದ ಬರುತ್ತದೆ. ಆದರೆ ಶಿಸ್ತಿನ ಗುಣ ಹರೆಯದ ಶುರುವಿನಲ್ಲಿ ಕುಸಿದು, ಇಪ್ಪತ್ತರ ನಂತರ ನಿಧಾನವಾಗಿ ಏರುವುದು ಸಾಮಾನ್ಯ. 14ರಲ್ಲಿ ಮೀಟರು ಕಂಡರೆ ಸಿಡಿಮಿಡಿ ಅನ್ನುತ್ತಿದ್ದವರು 24ರಲ್ಲಿ ತಾವೇ ಡಾಕ್ಟರ ಅಪಾಯಿಂಟ್‌ಮೆಂಟ್ ತಗೊಂಡು ಬರುತ್ತಾರೆ. ನಡುವಿನ ಆ ವರ್ಷಗಳನ್ನು ಕೀಟೋನ್ ಏರದ ಹಾಗೆ, ಮಗನ ಜೊತೆ ಮಾತು ಮುರಿಯದ ಹಾಗೆ ದಾಟಿಸುವುದು ಮನೆಯವರ ಕೆಲಸ. ಸ್ವಭಾವ ತಿದ್ದಲು ಹೋಗಬೇಡಿ, ದಿನಚರಿಯನ್ನು ಆ ಸ್ವಭಾವಕ್ಕೆ ಹೊಂದಿಸಿ.

ಅವನು ಹಟಮಾರಿನೋ, ಬೇಸತ್ತಿದ್ದಾನೋ, ಖಿನ್ನತೆಯೋ? ಹೇಗೆ ಗೊತ್ತಾಗುತ್ತೆ?

ಶುಗರಿನ ವಿಷಯ ಬಂದಾಗ ಮಾತ್ರ ಸಿಡುಕು, ಉಳಿದಂತೆ ಆಟ, ನಗು ಇದೆ ಅಂದರೆ ಕಾಯಿಲೆಯ ಆರೈಕೆಯಿಂದ ಬೇಸತ್ತಿರಬಹುದು. ಕೆಲವು ವಾರ ಒಂದಷ್ಟು ಕೆಲಸ ನೀವು ಹೊತ್ತುಕೊಂಡರೆ ಹಗುರಾಗುತ್ತಾನೆ. ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಊಟ ಕೆಟ್ಟಿದೆ, ಎರಡು ವಾರ ದಾಟಿತು ಅಂದರೆ ಖಿನ್ನತೆ ಇರಬಹುದು, ತಜ್ಞರಿಗೆ ತೋರಿಸಿ. ತೂಕ ಇಳಿಸಲು ಬೇಕಂತಲೇ ಇನ್ಸುಲಿನ್ ಬಿಡುವವರೂ ಇದ್ದಾರೆ, ಹುಡುಗಿಯರಲ್ಲಿ ಇದು ಜಾಸ್ತಿ. ತೂಕ ಬೇಗ ಇಳಿಯುತ್ತಿದೆ, ಎಚ್‌ಬಿಎ1ಸಿ ಏರುತ್ತಿದೆ, ಪದೇ ಪದೇ ಕೀಟೋನ್ ಬರುತ್ತಿದೆ ಅಂದರೆ ಅದನ್ನು ಸೋಮಾರಿತನ ಅಂತ ಬಿಡಬೇಡಿ. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ನಮಗೆ ಹತ್ತಿರ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಸಾಯುವ ಮಾತು ಆಡಿದರೆ ಒಬ್ಬನೇ ಬಿಡಬೇಡಿ, ಇನ್ಸುಲಿನ್ನನ್ನು ನಿಮ್ಮ ಹತ್ತಿರ ಇಟ್ಟುಕೊಂಡು ನೀವೇ ಕೊಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.

ಸೆನ್ಸರ್ ಹಾಕಿಸಿದರೆ ಈ ತಾಪತ್ರಯ ಎಲ್ಲಾ ತಪ್ಪುತ್ತಾ?

ಎಲ್ಲರಿಗೂ ಅಲ್ಲ. ಸೆನ್ಸರ್ ಅಂದರೆ ಚರ್ಮಕ್ಕೆ ಅಂಟಿಸಿದರೆ ಹಗಲು ರಾತ್ರಿ ಶುಗರ್ ಅಂಕಿಯನ್ನು ಫೋನಿಗೆ ಕಳಿಸುವ ಸಣ್ಣ ಸಾಧನ. ಮರೆಗುಳಿಗೆ, ಬೆರಳು ಚುಚ್ಚಲು ಬೇಸರ ಇರುವವನಿಗೆ ಸೆನ್ಸರ್ ನಿಜವಾಗಿ ಸಹಾಯ. ಆತಂಕದವರು ಎರಡು ನಿಮಿಷಕ್ಕೊಮ್ಮೆ ಫೋನ್ ನೋಡುತ್ತ ನಿದ್ದೆ ಕೆಡಿಸಿಕೊಳ್ಳುವುದೂ ಉಂಟು, ಅವರಿಗೆ ಕಡಿಮೆಯಾದಾಗಿನ ಅಲಾರಂ ಮಾತ್ರ ಸಾಕು. ಸಂಕೋಚದವರಿಗೆ ತೋಳಿನ ಮೇಲೆ ಕಾಣುವುದೇ ಕಷ್ಟ. ದುಡ್ಡಿನ ಭಾರವೂ ಇದೆ, ಒಂದು ಸೆನ್ಸರ್ ಎರಡು ವಾರದ ಹತ್ತಿರ ಬರುತ್ತದೆ ಅಷ್ಟೇ. ಸಾಲ ಮಾಡಿ ಹಾಕಿಸುವ ಮುಂಚೆ ಒಂದು ಸಲ ಹಾಕಿಸಿ ನೋಡಿ. ಅಪ್ಪನ ಫೋನಿಗೂ ಅಂಕಿ ಬರುವ ಹಾಗೆ ಮಾಡುವುದಿದ್ದರೆ ಮಗನನ್ನು ಕೇಳಿಯೇ ಮಾಡಿ. ಕಾವಲು ಕೂತ ಹಾಗೆ ಅನ್ನಿಸಿದರೆ ಸೆನ್ಸರನ್ನೇ ಕಿತ್ತು ಹಾಕುತ್ತಾನೆ.

ಡಾಕ್ಟರು ಬೈತಾರೆ ಅಂತ ಬರೋದೇ ಇಲ್ಲ ಅಂತಾನೆ. ನಾನೊಬ್ಬಳೇ ರಿಪೋರ್ಟ್ ತೋರಿಸಿ ಬರ್ತೀನಿ. ಸಾಕಲ್ವಾ?

ಸಾಲದು. ನೀವು ಹೋಗಿ ಬಂದರೆ ಡಾಕ್ಟರು ನಿಮಗೆ ಔಷಧಿ ಬರೆದ ಹಾಗೆ. ಮುಂದಿನ ಸಲ ಒಳಗೆ ಹೋಗುವ ಮುಂಚೆ ಡಾಕ್ಟರಿಗೆ ಒಂದು ಮಾತು ಹೇಳಿಸಿ, ‘ಹುಡುಗ ಬೈಗುಳಕ್ಕೆ ಹೆದರಿದ್ದಾನೆ, ಸ್ವಲ್ಪ ಹೊತ್ತು ಅವನೊಬ್ಬನ ಜೊತೆಯೇ ಮಾತಾಡಿ’ ಅಂತ. ಬಹಳ ಡಾಕ್ಟರು ಖುಷಿಯಿಂದ ಒಪ್ಪುತ್ತಾರೆ. ಒಪ್ಪದವರಿದ್ದರೆ ಬೇರೆಯವರನ್ನು ನೋಡಿ, ನಮ್ಮ ಮೂರು ಜಿಲ್ಲೆಗಳಲ್ಲೂ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಹೋಗುವ ಹಿಂದಿನ ದಿನ ಅವನೇ ಎರಡು ಪ್ರಶ್ನೆ ಬರೆದುಕೊಳ್ಳಲಿ, ‘ಕಬಡ್ಡಿ ಮ್ಯಾಚ್ ಇದ್ದ ದಿನ ಇನ್ಸುಲಿನ್ ಎಷ್ಟು ಕಡಿಮೆ ಮಾಡಲಿ’ ಅನ್ನುವಂಥ ಅವನಿಗೆ ಬೇಕಾದ ಪ್ರಶ್ನೆ. ಮೀಟರು, ಡೈರಿ, ಸೂಜಿ ಚುಚ್ಚುವ ಜಾಗ ಮೂರನ್ನೂ ತೋರಿಸಬೇಕು. ಟೈಪ್ 1 ಬಂದು ಕೆಲವು ವರ್ಷ ಆಗಿದ್ದರೆ ವರ್ಷಕ್ಕೊಮ್ಮೆ ಕಣ್ಣು ಮತ್ತು ಮೂತ್ರದ ಪರೀಕ್ಷೆ ಆಗಿದೆಯಾ ಅಂತ ನೀವೇ ಕೇಳಿ. ಆದರೆ ವಾಂತಿ ಇದ್ದು ಶುಗರ್ 250ರ ಮೇಲಿದ್ದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ಇನ್ಸುಲಿನ್ ನಿಲ್ಲಿಸಬೇಡಿ, ಕೀಟೋನ್ ನೋಡಿಸಲು ಅವತ್ತೇ ಹೊರಡಿ.